ಬಾಣಂತಿ ಕೋಣೆ

ಗಂಟು ಬಿಚ್ಚಿಕೊಳ್ಳಲಿಲ್ಲ. ಬೆಯ್ಷೆ ಉಗುರು ಹಾಕಿ ಕೆದಕಿದ, ಹಲ್ಲಲ್ಲಿ ಕಚ್ಚಿ ಎಳೆದ, ಕೊನೆಗೆ ಬಂಡೆಗೆ ಕಾಲು ಕೊಟ್ಟು ಜಗ್ಗಿದ. ಕುದುರೆಯ ಬಾಲದ ಕೂದಲಿನಿಂದ ಹೊಸೆದ ಹಗ್ಗ ಅದು. ಹೊಸೆದವಳೂ ಕಟ್ಟಿದವಳೂ ಅವನ ಅತ್ತಿಗೆ ಉಲ್ಕನ್. ಇಳಿಜಾರಿನ ಬಾಯಲ್ಲಿ ಎದುರುಬದುರು ನಿಂತ ಎರಡು ಬಂಡೆಗಳ ನಡುವೆ ಅಡ್ಡಲಾಗಿ ಬಿಗಿದು, ದನಕರು ಬೆದರಲಿ ಎಂದು ಹರಕು ಬಟ್ಟೆಯ ಚೂರುಗಳನ್ನು ಸಿಕ್ಕಿಸಿದ್ದಳು. ಆ ಉಲ್ಕನ್ ಈಗ ಮೇಲಿನ ಬಿಳಿ ಗುಡಾರದಲ್ಲಿ ಪರದೆಯ ಹಿಂದೆ ತಣ್ಣಗೆ ಮಲಗಿದ್ದಾಳೆ. ಇವತ್ತು ಮಣ್ಣು.

"ಸತ್ತ ಮೇಲೂ ಬಿಡ್ತಾ ಇಲ್ವಲ್ಲ ಮಾರಾಯ್ತಿ," ಎಂದು ಗೊಣಗುತ್ತ ಬೆಯ್ಷೆ ಸೊಂಟದ ಚಾಕುವಿಗೆ ಕೈ ಹಾಕಿದ.

"ಚಿಕ್ಕಪ್ಪ, ಇನ್ನೊಂದ್ಸಲ ಯೋಚ್ನೆ ಮಾಡು," ಎಂದ ಎಸೆನ್. ಅವನು ಸತ್ತವಳ ಒಬ್ಬನೇ ಮಗ, ತಾಯಿಯನ್ನು 'ಅಪಾ' ಎನ್ನುತ್ತಿದ್ದ. ನಡುಪಟ್ಟಿ ಬಿಗಿದು, ಸೂತಕದ ಕೋಲು ಹಿಡಿದು ಗುಡಾರದ ಮುಂದೆ ನಿಂತಿರಬೇಕಾದವನು ಕೋಲಿನ ಸಮೇತ ಇಲ್ಲಿಗೆ ಓಡಿಬಂದಿದ್ದ. "ತೆನೆ ಇನ್ನೂ ಉದುರಿಲ್ಲ. ಉದುರೋವರೆಗೂ ಒಂದು ಗೊರಸೂ ಒಳಗಿಡಬಾರ್ದು ಅಂತ ಅಪಾ—"

"ಅಪಾ ಹೇಳಿದ್ಳು, ಅಪಾ ಹೇಳಿದ್ಳು! ಮೂರು ಕಣಿವೆ ಜನ ಬರ್ತಾ ಇದಾರೆ ಕಣೋ. ಅವರ ಕುದುರೆಗೆ ಏನು ಹಾಕ್ತೀಯ, ನಿನ್ನ ಟೋಪಿನಾ?"

"ತೊರೆ ಹತ್ರ ಬಿಟ್ರೆ..."

"ತೊರೆ ಹತ್ರ ಏನಿದೆ? ಷಿಮೂರ್ ಇದೆ. ಮುಳ್ಳಿದೆ. ನಿನ್ನ ಕುದುರೆ ತಿನ್ನತ್ತಾ ಅದನ್ನ? ಇಡೀ ಕೋಕ್‌ಬೆಲ್‌ನಲ್ಲಿ ಹುಲ್ಲು ಅಂತ ಇರೋದು ಇದೊಂದೇ ಕಡೆ. ಬಂದೋರ ಕುದುರೆ ಹಸ್ಕೊಂಡು ಹೋದ್ರೆ ನಾಳೆ ಏನಂತಾರೆ? ಉಲ್ಕನ್ ಮಣ್ಣಿನ ದಿನ ಅವಳ ಮಗ ಒಂದು ಹಿಡಿ ಹುಲ್ಲು ಕೊಡ್ಲಿಲ್ಲ ಅಂತಾರೆ. ಅವಳ ಮರ್ಯಾದೆ ಉಳಿಸ್ತಾ ಇದೀನಿ ನಾನು, ತೆಗೀತಾ ಇಲ್ಲ."

ಚಿಕ್ಕಪ್ಪ ಹೇಳಿದ್ದು ಸುಳ್ಳಲ್ಲ. ನಮ್ಮಲ್ಲಿ ಸಾವಿನ ಮನೆಯ ಮಾಂಸ ಬೆಂದಿತ್ತೋ ಇಲ್ಲವೋ ಎಂಬುದನ್ನು ಜನ ವಾರದಲ್ಲಿ ಮರೆಯುತ್ತಾರೆ. ಕುದುರೆ ಹಸಿದದ್ದನ್ನು ಮಾತ್ರ ಮೊಮ್ಮಕ್ಕಳಿಗೂ ಹೇಳುತ್ತಾರೆ. ಮೇಲಾಗಿ ಮನೆತನಕ್ಕೆ ಈಗ ಬೆಯ್ಷೆಯೇ ಹಿರಿಯ. ಸಾವಿನ ಮನೆಯಲ್ಲಿ ಹಿರಿಯನಿಗೆ ಎದುರಾಡುವುದು ಎಸೆನ್‌ನಂಥ ಸಾಧುವಿನ ಕೈಲಾಗುವ ಕೆಲಸವಲ್ಲ.

ಹಗ್ಗ ಕಡಿಯಿತು. ಬೆಯ್ಷೆಯ ಕಂದು ಕುದುರೆ, ಯಾರ ಅಪ್ಪಣೆಗೂ ಕಾಯದೆ, ಬಂಡೆಗಳ ನಡುವೆ ನುಗ್ಗಿ ತಲೆ ತಗ್ಗಿಸಿತು.

ನೀರಿನ ಬಕೆಟ್ಟು ಹಿಡಿದು ತೊರೆಯಿಂದ ಬರುತ್ತಿದ್ದ ನೆರೆಯ ಝೂರಾ ಇದನ್ನೆಲ್ಲ ಕಂಡಳು, ಕೇಳಿದಳು. ಬಕೆಟ್ಟನ್ನು ಅಲ್ಲೇ ಕುಕ್ಕಿ, ಲಂಗ ಎತ್ತಿಕೊಂಡು ಗುಡಾರದ ಕಡೆಗೆ ಓಡಿದಳು.

*

ಉಲ್ಕನ್ ಸೊಸೆಯಾಗಿ ಕೋಕ್‌ಬೆಲ್ ಹತ್ತಿದಾಗ ಈ ಇಳಿಜಾರಷ್ಟೇ ಅಲ್ಲ, ಇಡೀ ಬೇಸಿಗೆಯ ಬೆಟ್ಟವೇ ಬೆತೆಗೆ ಹುಲ್ಲು. ಸಣ್ಣ ಎಳೆ, ದಟ್ಟ ಬುಡ. ತಿಂದ ಕುರಿ ತಿಂಗಳಲ್ಲಿ ಉರುಟಾಗುತ್ತಿತ್ತು. ಆಗ ಗಂಡನ ತಮ್ಮ ಬೆಯ್ಷೆ ಮೂಗು ಸೋರಿಸಿಕೊಂಡು ಓಡಾಡುವ ಪೋರ. ಗಂಡನ ಮನೆಯ ಗಂಡಸರ ಹೆಸರನ್ನು ಸೊಸೆ ಬಾಯಲ್ಲಿ ಎತ್ತಬಾರದಲ್ಲ, ಹಾಗಾಗಿ ಅವಳು ಅವನಿಗೆ 'ಚಿಕ್ಕ ಹುಡುಗ' ಎಂದು ಹೆಸರಿಟ್ಟಳು. ಅವನ ಗಡ್ಡ ಬೆಳ್ಳಗಾದರೂ ಅವಳ ಬಾಯಲ್ಲಿ ಅವನು ಚಿಕ್ಕ ಹುಡುಗನೇ. ಸಭೆಯಲ್ಲಿ, ಮದುವೆಯಲ್ಲಿ, ಅವನ ಮೊಮ್ಮಕ್ಕಳ ಮುಂದೆ, "ಚಿಕ್ಕ ಹುಡುಗ, ಇಲ್ಲಿ ಬಾ" ಎಂದು ಕೂಗಿಬಿಡುತ್ತಿದ್ದಳು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಹಿಮ ಬೇಗ ಕರಗತೊಡಗಿತು. ಮೊದಮೊದಲು ಎಲ್ಲರಿಗೂ ಖುಷಿ. ಬೆಟ್ಟ ಮುಂಚೆಯೇ ಹಸಿರಾಯಿತು ಎಂದು ಮಂದೆ ಮುಂಚೆಯೇ ಹತ್ತಿತು. ಹುಲ್ಲು ಎಳೆಯದಾಗಿರುವಾಗಲೇ ಬೋಳಾಗತೊಡಗಿತು. ಕೆಳಗಿನ ಬಿಸಿಲುಗಾಡಿನ ಮುಳ್ಳುಪೊದೆ ವರ್ಷವರ್ಷ ಒಂದಿಷ್ಟು ಮೇಲೆ ಹತ್ತಿತು. ತೊರೆಯಂಚಿನ ಜವುಗು ಒಣಗಿ ಬಿರುಕು ಬಿಟ್ಟಿತು. ಖಾಲಿ ಜಾಗಕ್ಕೆಲ್ಲ ಷಿಮೂರ್ ಬಂತು. ಉಣ್ಣೆಯಂಥ ಬೂದು ಎಲೆ, ನೇರಳೆ ಹೂವು. ನೋಡಲು ಚೆಂದ, ಬಾಯಿಡಲು ಯಾವ ಪ್ರಾಣಿಯೂ ಒಲ್ಲದು.

ಉಲ್ಕನ್ ಮೊದಲು ಅದನ್ನು ಕಿತ್ತಳು. ಒಂದು ಬೇಸಿಗೆಯಿಡೀ ಗುದ್ದಲಿ ಹಿಡಿದು ಬಗ್ಗಿ, ಸೊಂಟ ಮುರಿದುಕೊಂಡು ಇಳಿಜಾರನ್ನೆಲ್ಲ ಬರಿದು ಮಾಡಿದಳು. ಮರುವರ್ಷ ತುಂಡಾದ ಬೇರಿನ ಚೂರುಚೂರಿಂದಲೂ ಚಿಗುರು ಎದ್ದು ಎರಡರಷ್ಟಾಯಿತು. ಬೆಯ್ಷೆ ಹೊಟ್ಟೆ ಹಿಡಿದು ನಕ್ಕ. "ಅತ್ತಿಗೆ, ನೀನು ಕಳೆ ಕಿತ್ತಿದ್ದಲ್ಲ, ನಾಟಿ ಮಾಡಿದ್ದು!"

ಅವಳು ಅತ್ತಳು. ಸಿಟ್ಟಿನಿಂದ ಅತ್ತಳು. ಆ ಶರತ್ಕಾಲದಲ್ಲಿ ತಪ್ಪಿಸಿಕೊಂಡ ಮೇಕೆ ಹುಡುಕುತ್ತ ಕೆಳಗಿನ ಬಿಸಿಲುಬಂಡೆಗೆ ಹೋದಾಗ, ಕುರಿ ಹತ್ತಲಾರದ ಒಂದು ಕಟ್ಟೆಯ ಮೇಲೆ ಬೆತೆಗೆ ಕಂಡಳು. ಕಾದ ಹೆಂಚಿನಂಥ ಬಂಡೆಯ ಮೇಲೆ, ತುಂಬು ತೆನೆ ಹೊತ್ತು. ಅದರ ನಡುವೆ ಒಂದೇ ಒಂದು ಷಿಮೂರ್‌ಗೂ ಕಾಲೂರಲು ಜಾಗವಿರಲಿಲ್ಲ. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ತಲೆವಸ್ತ್ರ ಬಿಚ್ಚಿ ಅದರ ತುಂಬ ಬೀಜ ಉದುರಿಸಿಕೊಂಡು ಬಂದಳು. ಮೇಕೆಯನ್ನು ಅಲ್ಲೇ ಮರೆತಳು.

ಆ ಬೀಜವನ್ನು ಇಳಿಜಾರಿನ ಒಂದು ಮೂಲೆಗೆ ಎರಚಿ, ಮೇಲೆ ಕುರಿಮಂದೆ ಓಡಿಸಿ ತುಳಿಸಿದಳು. ವಸಂತದಲ್ಲಿ ಹಗ್ಗ ಕಟ್ಟಿ ಕಾವಲು ಕೂತಳು.

"ಏನತ್ತಿಗೆ ಇದು ಹುಚ್ಚು? ಹಸಿರು ಹುಲ್ಲು ಕಣ್ಮುಂದೆ ಇಟ್ಕೊಂಡು ಕುರಿ ಉಪವಾಸ ಕೆಡವ್ತೀಯ?"

"ಹುಲ್ಲು ಬಸುರಿ ಕಣೋ ಚಿಕ್ಕ ಹುಡುಗ. ಬಸುರೀನ ಯಾರಾದ್ರೂ ಒದೀತಾರಾ? ಹೆರಿಗೆ ಆಗ್ಲಿ, ಆಮೇಲೆ ತಿನ್ಸು."

"ಹಿಮ ಹೋಗಿ ಎಷ್ಟು ದಿನ ಆಯ್ತು! ಇನ್ನೂ ಹೆತ್ತಿಲ್ವಾ ನಿನ್ನ ಹುಲ್ಲು?"

"ಹಿಮ ಬೇಗ ಹೋಯ್ತು ಅಂತ ಬೇರು ಬೇಗ ಇಳಿಯತ್ತಾ? ನಿಮಗೆಲ್ಲ ಏನು ಅವಸರವೋ, ಅದಕ್ಕಿಲ್ಲ."

ಅಂದಿನಿಂದ ಬೆಯ್ಷೆ ಆ ಇಳಿಜಾರಿಗೆ 'ಬಾಣಂತಿ ಕೋಣೆ' ಎಂದು ಹೆಸರಿಟ್ಟ. ಊರಿಗೆ ಊರೇ ಹಾಗೆ ಕರೆದು ನಕ್ಕಿತು. ನಗಲಿ ಬಿಡಿ ಎಂದು ಅವಳು ವರ್ಷಕ್ಕೊಂದು ತುಂಡಿನಂತೆ ಹಗ್ಗವನ್ನು ಮುಂದೆ ಮುಂದೆ ಸರಿಸುತ್ತ ಹೋದಳು. ಕೆಲವು ವರ್ಷ ಮಳೆ ಕೈಕೊಟ್ಟು ಮೊಳಕೆಯೆಲ್ಲ ಸುಟ್ಟಿತು. ಮತ್ತೆ ಬಿಸಿಲುಬಂಡೆಗೆ ಹೋದಳು. ಮಗನಿಗೆ ಹೆಣ್ಣು ತರುವಾಗಲೂ ಬೆಟ್ಟದ ಹುಡುಗಿಯರನ್ನೆಲ್ಲ ಬಿಟ್ಟು ಕೆಳಗಿನ ಕಾದ ಬಯಲಿನಿಂದ ಬುರುಲ್‌ಳನ್ನು ತಂದಳು. ಬಿಸಿಲೂರಿನವಳು ಇಲ್ಲಿ ಬಾಳುತ್ತಾಳೆಯೇ ಎಂದು ಹೆಂಗಸರು ಮೂಗು ಮುರಿದರು.

"ಬಾಳ್ತಾಳೆ," ಎಂದಿದ್ದಳು ಉಲ್ಕನ್. "ಬಿಸಿಲು ಕಂಡೋಳು ಬೇಕು ನಂಗೆ. ಬಿಸಿಲೇ ಮೇಲೆ ಹತ್ತಿ ಬರ್ತಾ ಇದೆಯಲ್ಲ."

*

ಬುರುಲ್ ಗುಡಾರದೊಳಗೆ, ಕರಿಬಟ್ಟೆಯಲ್ಲಿ, ಗೋಡೆಗೆ ಮುಖ ಮಾಡಿ ಕೂತಿದ್ದಳು. ಸತ್ತವಳ ಸೊಸೆ ಹಾಗೇ ಕೂರಬೇಕು. ಹೆಣ ಹೊರಡುವ ತನಕ ಏಳುವಂತಿಲ್ಲ, ಹೊರಗೆ ಬರುವಂತಿಲ್ಲ, ಗಂಡಸರೊಡನೆ ಮಾತಾಡುವಂತೂ ಇಲ್ಲವೇ ಇಲ್ಲ. ಝೂರಾ ಬಂದು ಅವಳ ಕಿವಿಯಲ್ಲಿ ವಿಷಯ ಉಸುರಿದಳು.

"ಹಗ್ಗ ಕಡಿದ್ರಾ?"

"ಕಡಿದ ಕಣೇ, ನನ್ನ ಕಣ್ಣಾರೆ ನೋಡ್ದೆ. ಅವನ ಕುದುರೆ ಆಗ್ಲೇ ಒಳಗಿದೆ. ಬರೋ ಕುದುರೇನೆಲ್ಲ ಅಲ್ಲೇ ಬಿಡ್ತಾನಂತೆ."

"ಇವ್ರು ಏನು ಮಾಡ್ತಿದ್ರು?"

"ನಿನ್ನ ಗಂಡನಾ? ಕೋಲು ಹಿಡ್ಕೊಂಡು ನಿಂತಿದ್ದ, ಕೋಲಿನ ಹಾಗೆ."

ಈ ವರ್ಷವೇ, ಈ ವರ್ಷ ಮಾತ್ರವೇ, ಇಡೀ ಇಳಿಜಾರು ಮೇಲಿಂದ ಕೆಳಗಿನವರೆಗೆ ಒಟ್ಟಿಗೆ ತೆನೆ ಕಟ್ಟಿತ್ತು. ಹೋದ ವಾರ ಬುರುಲ್ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಬಂಡೆಯ ಹತ್ತಿರ ಕೂರಿಸಿದ್ದಳು. ಮುದುಕಿ ತೆನೆಯನ್ನು ಹಲ್ಲಿಲ್ಲದ ಬಾಯಲ್ಲಿ ಅಗಿದು ನೋಡಿ, "ಹಾಲುಗಾಳು. ಇನ್ನೊಂದು ಸ್ವಲ್ಪ ದಿನ. ಉದುರೋವರೆಗೂ ಕಾಯಮ್ಮ, ನಾನಿರ್ಲಿ ಬಿಡ್ಲಿ" ಎಂದಿದ್ದಳು. ಮಂದೆಯಷ್ಟು ಕುದುರೆ ಒಂದು ಹಗಲು ಒಳಗಿದ್ದರೆ ತೆನೆ, ಬುಡ, ಮೊಳಕೆ ಯಾವುದೂ ಉಳಿಯದು. ಬರಿದಾದ ನೆಲಕ್ಕೆ ಷಿಮೂರ್ ಕಾದುಕೊಂಡೇ ಇದೆ.

ಅಷ್ಟರಲ್ಲಿ ಗೊರಸಿನ ಸದ್ದು. ಮೊದಲ ಗುಂಪು ಬಂತು. ನಮ್ಮಲ್ಲಿ ಸಾವಿಗೆ ಬರುವ ಗಂಡಸರು ಗುಡಾರ ಕಂಡೊಡನೆ ಕುದುರೆ ನಾಗಾಲೋಟಕ್ಕೆ ಬಿಟ್ಟು, "ಅಯ್ಯೋ ನನ್ನ ತಾಯೇ!" ಎಂದು ಗೋಳಿಡುತ್ತ ಬರುತ್ತಾರೆ. ಅವರ ದನಿ ಕೇಳಿದ ಕೂಡಲೇ ಒಳಗಿನ ಹೆಂಗಸು ಹಾಡಿ ಅಳಬೇಕು. ಆ ಹಾಡಿಗೆ ಯಾರೂ ಅಡ್ಡ ಬಾಯಿ ಹಾಕುವಂತಿಲ್ಲ, ಹಿರಿಯನಾಗಲಿ ಮೌಲ್ವಿಯಾಗಲಿ. ಹಾಡಿ ಅಳುವವಳು ಏನು ಹೇಳಿದರೂ ಅದು ಸತ್ತವರೊಡನೆ ಆಡಿದ ಮಾತು.

ಬುರುಲ್ ಎರಡು ಕೈಯನ್ನೂ ಸೊಂಟಕ್ಕೆ ಕೊಟ್ಟು, ಕತ್ತೆತ್ತಿ, ದನಿ ಎತ್ತಿದಳು.

"ಹಿಮ ಕರಗೊ ಮುಂಚೇನೆ ಎದ್ದೋಳೆ ನನ್ನವ್ವ,
ಹುಲ್ಲು ಬಸುರಾಯ್ತಂತ ಹಗ್ಗ ಕಟ್ಟಿದೋಳೆ,
ಯಾರ ಮೂಗೊರೆಸಿ ನೀ ದೊಡ್ಡೋನ ಮಾಡಿದೆಯೊ
ಆ ಚಿಕ್ಕ ಹುಡುಗ ಇಂದು ಚಾಕು ತಂದವನೆ..."

ಹೊರಗೆ ಕುದುರೆಯಿಂದ ಇಳಿಯುತ್ತಿದ್ದವರು ಜೀನಿನ ರಿಕಾಪಿನಲ್ಲಿ ಒಂದು ಕಾಲು ಇಟ್ಟುಕೊಂಡೇ ನಿಂತರು. ಚಿಕ್ಕ ಹುಡುಗ ಯಾರೆಂದು ಮೂರು ಕಣಿವೆಗೂ ಗೊತ್ತು. ಇಳಿಜಾರಿನ ಬಾಯಲ್ಲಿ ನಿಂತು "ಇತ್ತ ಬನ್ನಿ, ಇತ್ತ ಬನ್ನಿ" ಎಂದು ಕೈ ಬೀಸುತ್ತಿದ್ದ ಬೆಯ್ಷೆಯ ಕೈ ಗಾಳಿಯಲ್ಲೇ ಉಳಿಯಿತು.

"ಹೆತ್ತಿಲ್ಲ ನಿನ ಬಸುರಿ, ಬಾಗಿಲು ಮುರಿದಾರೆ,
ಹೊಟ್ಟೆಯ ಮ್ಯಾಲೀಗ ಕುದುರೇಯ ಬಿಟ್ಟಾರೆ,
ಬಂದೋರ ಕುದುರೆಗೆ ಹುಲ್ಲಿಲ್ಲವಂತವ್ವ,
ಹುಲ್ಲಿಲ್ಲದೇ ನಿನ್ನ ಹೆಸರು ಕೆಟ್ಟಿತಂತೆ.

ಹೊಳೆಯ ದಂಡೆಯ ಮ್ಯಾಲೆ ಹೊಟ್ಟೆ ಬಿಟ್ಟೊಂದು ಬಣವೆ
ಬೆಟ್ಟದಷ್ಟೆತ್ತರಕೆ ನಿಂತೈತೆ ನನ್ನವ್ವ,
ಚಿಕ್ಕ ಹುಡುಗನದಂತೆ, ಚಳಿಗಾಲಕ್ಕಂತೆ,
ಊರಿಗೇ ಕಂಡೈತೆ, ಅವನಿಗೆ ಕಾಣದಂತೆ!"

ಯಾರೋ ಒಬ್ಬ ಅಳುವುದರ ನಡುವೆ ಕಿಸಕ್ಕನೆ ನಕ್ಕು, ನಕ್ಕದ್ದನ್ನು ಕೆಮ್ಮಿನಲ್ಲಿ ಮುಚ್ಚಿದ.

ಬೆಯ್ಷೆಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಇಷ್ಟು ವರ್ಷ ಅತ್ತಿಗೆ ಏನಾದರೂ ಅಂದರೆ ತಿರುಗಿ ಅನ್ನುತ್ತಿದ್ದ. ಅವಳೊಂದು, ಇವನೆರಡು. ಈಗಲೂ ಉತ್ತರ ನಾಲಿಗೆಯ ತುದಿಗೆ ಬಂತು. ಆದರೆ ಹೇಳುವುದು ಯಾರಿಗೆ? ತಿರುಗಿ ಬೈಯಲು ಅವಳೇ ಇಲ್ಲ. ಅದು ಅವನಿಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ. ಎರಡು ದಿನದಿಂದ ಊಟಕ್ಕೆ ಕುದುರೆ ಕಡಿಸುವುದು, ಹಂಡೆ ತರಿಸುವುದು, ಗುಡಾರ ಎತ್ತಿಸುವುದು ಎಂದು ಓಡಾಡಿದವನು ಒಂದು ಹನಿ ಅತ್ತಿರಲಿಲ್ಲ.

"ಅತ್ತಿಗೇ!" ಎಂದು ಕೂಗಿಕೊಂಡ. ಬಂಡೆಗೆ ಹಣೆ ಕೊಟ್ಟು, ಗಡ್ಡ ತೊಯ್ಯುವ ಹಾಗೆ ಅತ್ತ.

ಆಮೇಲೆ ಮೂಗು ಒರೆಸಿಕೊಂಡು ಒಳಗೆ ನುಗ್ಗಿ, ಕಂದು ಕುದುರೆಯ ಕಿವಿ ಹಿಡಿದು ಎಳೆದ. ಅದು ಬಾಯ್ತುಂಬ ಹುಲ್ಲು ಕಚ್ಚಿಕೊಂಡು ಬಂತು. "ಉಗಿಯೇ ಮುಂಡೇದೆ, ಉಗಿ! ಯಾರಪ್ಪನ ಮನೆ ಗಂಟು ಅಂತ ಮೇಯ್ತಾ ಇದೀಯ!" ಎಂದು ಅದರ ದವಡೆಗೆ ಕೈ ಹಾಕಿ ತೆನೆಗಳನ್ನು ಈಚೆಗೆಳೆದು, ಬುಡದಲ್ಲೇ ಒದರಿದ. ಕಡಿದ ಹಗ್ಗದ ಎರಡು ತುದಿ ಸೇರಿಸಿ ಗಂಟು ಹಾಕಿದ. ಕುದುರೆ ಹತ್ತಿ, ಬಂದವರ ಕುದುರೆಗಳನ್ನೂ ಮುಂದೆ ಅಟ್ಟಿಕೊಂಡು, ನೆಟ್ಟಗೆ ಕೆಳಗೆ ತನ್ನ ಬಣವೆಯಿದ್ದ ಹೊಳೆಯ ಕಡೆ ಓಡಿಸಿದ.

*

ಹೊಳೆಯ ಹಾದಿಯಲ್ಲಿ ಎರಡನೆಯ ಕಣಿವೆಯವರು ಬರುತ್ತಿದ್ದರು. ಅವರ ಮುಂದೆ ದಪ್ಪ ಮೈಯ ತಾಲಿಪ್. ತನ್ನ ಗುಡಾರದಿಂದ ಪಕ್ಕದ ಗುಡಾರಕ್ಕೂ ಕುದುರೆಯ ಮೇಲೆಯೇ ಹೋಗುವವನು.

"ಇಳೀರಿ," ಎಂದ ಬೆಯ್ಷೆ. "ಕುದುರೆಗೆ ಇಲ್ಲೇ ಹುಲ್ಲು. ನನ್ನ ಬಣವೆ ಬಿಚ್ಚಿದೀನಿ, ಎಷ್ಟು ಬೇಕೋ ತಿನ್ನಲಿ."

"ನಾವು?"

"ನಡೀರಿ."

"ನಡಿಯೋದಾ?" ತಾಲಿಪ್‌ನ ಕಣ್ಣು ಹಣೆಗೆ ಹೋಯಿತು. "ಹೆಣದ ಮನೆಗೆ ಕಾಲ್ನಡಿಗೇಲಿ? ನಮ್ಮ ಕಣಿವೇಲಿ ಯಾರಾದ್ರೂ ಕೇಳಿದ್ರೆ ಉಗೀತಾರೆ ಬೆಯ್ಷೆ. ಕುದುರೆ ಇಲ್ದೋರು ಅಂದ್ಕೋತಾರೆ."

"ಮೇಲಿರೋದು ಬಾಣಂತಿ ಕೋಣೆ. ನಿಮ್ಮ ಮನೆ ಬಾಣಂತಿ ಕೋಣೆಗೆ ಕುದುರೆ ನುಗ್ಗಿಸ್ತೀರೇನ್ರೀ?"

ಅವನೇ ಹುಟ್ಟಿಸಿದ ಹಾಸ್ಯವನ್ನು ಅವನೇ ಇಷ್ಟು ಗಂಭೀರವಾಗಿ ಹೇಳಿದ್ದನ್ನು ಕಂಡು ತಾಲಿಪ್ ಇಳಿದ. ಇಳಿದವನು ಮೇಲೆ ನೋಡಿದ. ಬೂದುಬಣ್ಣಕ್ಕೆ ತಿರುಗಿದ ಬೆಟ್ಟದ ನಡುವೆ ಒಂದೇ ಒಂದು ಇಳಿಜಾರು ಹೊಂಬಣ್ಣಕ್ಕೆ ತೂಗುತ್ತಿತ್ತು. ಗಾಳಿ ಬೀಸಿದರೆ ತುದಿಯಿಂದ ಬುಡದವರೆಗೆ ಅಲೆ ಏಳುತ್ತಿತ್ತು.

"ಅದು ಬೆತೆಗೆನಾ?"

"ಬೆತೆಗೆ."

"ಅಷ್ಟೂ?"

"ಅಷ್ಟೂ."

ತಾಲಿಪ್ ಟೋಪಿ ಸರಿಮಾಡಿಕೊಂಡ. "ನಮ್ಮಪ್ಪನ ಕಾಲದಲ್ಲಿ ಕಂಡಿದ್ದೆ," ಎಂದಷ್ಟೇ ಹೇಳಿ ನಡೆಯತೊಡಗಿದ.

ಆ ದಿನವನ್ನು ಕೋಕ್‌ಬೆಲ್ ಮರೆಯುವುದಿಲ್ಲ. ಒಂದರ ಹಿಂದೊಂದು ಗುಂಪು ಹೊಳೆಯ ಹತ್ತಿರ ಇಳಿಯಿತು. ಜೀಪಿನಲ್ಲಿ ಬಂದವರೂ ಇಳಿದರು. ಸವಾರಿಯ ಬೂಟು ಹಾಕಿಕೊಂಡ, ಹುಟ್ಟಿದಾಗಿನಿಂದ ಏರನ್ನು ನಡೆದು ಹತ್ತದ ಗಂಡಸರು ಹತ್ತಿದರು. ಗುಡಾರ ಕಂಡ ಕೂಡಲೇ ರೂಢಿಯಂತೆ ನಾಗಾಲೋಟಕ್ಕೆ ಬಿಡಬೇಕಲ್ಲ, ಬಿಟ್ಟರು, ತಮ್ಮ ಕಾಲನ್ನೇ ಬಿಟ್ಟರು. "ಅಯ್ಯೋ ನನ್ನ ತಾಯೇ!" ಎಂದು ಗೋಳಿಡುತ್ತ, ಏದುಸಿರು ಬಿಡುತ್ತ, ಒಬ್ಬರ ತೋಳು ಒಬ್ಬರು ಹಿಡಿದು ಓಡಿಬಂದರು. ತಾಲಿಪ್ ಎರಡು ಸಲ ಬಿದ್ದ. ಬಿದ್ದಲ್ಲಿಂದಲೇ ಗೋಳಿಟ್ಟ. ಎಸೆನ್ ಕೋಲಿನ ಮೇಲೆ ಭಾರ ಹಾಕಿ ಅಳುತ್ತಿದ್ದವನು ತಲೆ ಎತ್ತಿ ನೋಡಿದ. ಸುಲ್ತಾನರ ಸಾವಿಗೂ ಜನ ಕುದುರೆಯ ಮೇಲೆಯೇ ಬಂದಿದ್ದಾರು. ತನ್ನ ತಾಯಿಗಾಗಿ ಮೂರು ಕಣಿವೆ ನೆಲಕ್ಕೆ ಕಾಲಿಟ್ಟು ಬಂದಿದೆ! ಅವನ ಎದೆಯುಬ್ಬಿ ಬಂತು, ಅಳು ಇನ್ನೂ ಜೋರಾಯಿತು.

ಗುಡಾರದೊಳಗೆ ಬುರುಲ್ ಗೊರಸಿನ ಸದ್ದಿಗಾಗಿ ಕಿವಿಗೊಟ್ಟಳು. ಕೇಳಿಸಿದ್ದು ಬೂಟಿನ ಸದ್ದು. ಅವಳು ಗೋಡೆಗೆ ಮುಖ ಮಾಡಿಕೊಂಡೇ, ಯಾರಿಗೂ ಕಾಣದಂತೆ, ಕಣ್ಣೀರಿನ ನಡುವೆ ನಕ್ಕಳು.

*

ಕುಲದ ಹಳೆಯ ಗೋರಿಗಳಿರುವುದು ಇಳಿಜಾರಿನ ನೆತ್ತಿಯ ಮೇಲೆ. ಹೆಣವನ್ನು ಪಕ್ಕದ ಕಲ್ಲುದಾರಿ ಬಳಸಿ ಹೊತ್ತೊಯ್ದರು. ಪ್ರಾರ್ಥನೆ ಮುಗಿಸಿ ಮೌಲ್ವಿ ಎಂದಿನಂತೆ ಕೇಳಿದರು.

"ಈಕೆ ಎಂಥವಳಾಗಿದ್ದಳು?"

ಎಲ್ಲರೂ ಒಟ್ಟಿಗೆ "ಒಳ್ಳೆಯವಳು" ಎನ್ನಬೇಕು. ಅನ್ನುವ ಮುಂಚೆಯೇ ಬೆಯ್ಷೆಯ ದನಿ ಕೇಳಿಸಿತು.

"ಹಠಮಾರಿ."

ಮೌಲ್ವಿ ಕಕ್ಕಾಬಿಕ್ಕಿಯಾದರು.

"ನನ್ನ ಜನ್ಮದಲ್ಲಿ ಅಂಥ ಹಠಮಾರೀನ ನೋಡಿಲ್ಲ," ಎಂದ ಬೆಯ್ಷೆ. "ನಾವೆಲ್ಲ ನಗ್ತಾ ಇದ್ವಿ. ಅವಳು ಗೆದ್ಲು. ನೋಡಿ ಅಲ್ಲಿ."

ಜನ ತಿರುಗಿ ಕೆಳಗೆ ನೋಡಿದರು. ಮೌಲ್ವಿಯೂ ನೋಡಿದರು. ಹೆಂಗಸರು ಗೋರಿಯ ಬಳಿ ಬರುವ ಪದ್ಧತಿ ನಮ್ಮಲ್ಲಿಲ್ಲ. ಹೆಣ ಹೊರಟ ಮೇಲೆ ಬುರುಲ್ ಎದ್ದು, ಅವರನ್ನೆಲ್ಲ ಕರೆದುಕೊಂಡು ಇಳಿಜಾರಿನ ಕೆಳಅಂಚಿಗೆ ಬಂದಿದ್ದಳು. ಬಿಸಿಲು ಹೆಚ್ಚು ಬೀಳುವ ಅಲ್ಲಿ ಮಾತ್ರ ತೆನೆ ಆಗಲೇ ಹಣ್ಣಾಗಿತ್ತು. ಉಣ್ಣೆ ಬಾಚುವ ಹಣಿಗೆ ಹಿಡಿದು, ಮಗಳ ಜಡೆ ಬಾಚಿದಷ್ಟು ಮೆಲ್ಲಗೆ, ಅವರು ಹುಲ್ಲಿನ ಅಂಚು ಬಾಚಿ ಬೀಜ ಉದುರಿಸಿಕೊಳ್ಳುತ್ತಿದ್ದರು. ಬಿಳಿಯ ತಲೆವಸ್ತ್ರಗಳು ಹೊಂಬಣ್ಣದ ಅಂಚಿಗೆ ಹೊಲಿದಂತೆ ಕಾಣುತ್ತಿದ್ದವು.

"ಒಳ್ಳೆಯವಳು!" ಎಂದಿತು ಜನ. ಆ ಕೂಗಿಗೆ ಬಂಡೆಯ ಮೇಲಿನ ಹದ್ದು ಹಾರಿಹೋಯಿತು.

ತುಂಬು ಬಾಳು ಬಾಳಿದವರು ಸತ್ತರೆ, ಅವರ ಆಯುಷ್ಯ ನಮಗೂ ಅಂಟಲಿ ಎಂದು ಬಿಳಿಬಟ್ಟೆ ಹರಿದು ಬಂದ ಹೆಂಗಸರಿಗೆಲ್ಲ ತುಂಡು ಹಂಚುತ್ತಾರೆ. ಆ ಸಂಜೆ ಬುರುಲ್ ಪ್ರತಿಯೊಂದು ತುಂಡಿನ ಮೂಲೆಯಲ್ಲೂ ಒಂದು ಚಿಟಿಕೆ ಬೆತೆಗೆ ಬೀಜ ಗಂಟು ಹಾಕಿ ಕೊಟ್ಟಳು. "ಹಿಮ ಬೀಳೋ ಮುಂಚೆ ಎರಚಿ ಕುರಿ ಕೈಲಿ ತುಳಿಸಿ. ಹೆರಿಗೆ ಆಗೋವರೆಗೂ ಕಾಯಿರಿ," ಎಂದು ಪ್ರತಿಯೊಬ್ಬಳಿಗೂ ಹೇಳಿದಳು. ಅತ್ತೆಯ ಮಾತು ತನ್ನ ಬಾಯಲ್ಲಿ ಬಂದಾಗಲೆಲ್ಲ ಅವಳ ದನಿ ಒಂದಿಷ್ಟು ಗಟ್ಟಿಯಾಗುತ್ತಿತ್ತು.

ಸಾಲಿನ ಕೊನೆಯಲ್ಲಿ, ಟೋಪಿ ಕೈಯಲ್ಲಿ ಹಿಡಿದು, ಬೆಯ್ಷೆ ನಿಂತಿದ್ದ.

"ಇದು ಹೆಂಗಸರಿಗೆ ಕಣಣ್ಣ," ಎಂದಳು ಝೂರಾ. "ಗಂಡಸರಿಗೆ ಕೊಡೋ ಪದ್ಧತಿ ಇಲ್ಲ."

"ನಾನು ಚಿಕ್ಕ ಹುಡುಗ," ಎಂದ ಬೆಯ್ಷೆ. "ಚಿಕ್ಕ ಹುಡುಗರಿಗೆ ಕೊಡಬಹುದು."

ಬುರುಲ್ ಚಿಕ್ಕಮಾವನಿಗೆ ಮುಖ ಕೊಡದೆ, ತಲೆವಸ್ತ್ರ ಮುಂದಕ್ಕೆಳೆದುಕೊಂಡು, ಎಲ್ಲಕ್ಕಿಂತ ದೊಡ್ಡ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಹೊತ್ತು ಇಳಿಯುತ್ತಿತ್ತು. ಅವಳು ಗುಡಾರದ ಬಾಗಿಲಲ್ಲಿ ನಿಂತು ನೋಡಿದಳು. ತೊರೆಯ ಆಚೆ, ಷಿಮೂರ್ ತುಂಬಿದ ತನ್ನ ಇಳಿಜಾರಿನ ಬಾಯಲ್ಲಿ ಬೆಯ್ಷೆ ಕುದುರೆಯಿಂದ ಇಳಿದ. ಅಲ್ಲಿ ಕಾಯುವಂಥ ಹುಲ್ಲು ಒಂದೆಳೆಯೂ ಇರಲಿಲ್ಲ. ಆದರೂ ಅವನು ಕುದುರೆಯ ಲಗಾಮು ಬಿಚ್ಚಿದ, ಕೊರಳ ಹಗ್ಗ ಬಿಚ್ಚಿದ, ತನ್ನ ಸೊಂಟದ ಪಟ್ಟಿಯನ್ನೂ ಬಿಚ್ಚಿ ಮೂರನ್ನೂ ಗಂಟು ಹಾಕಿ, ದಾರಿಯ ಎರಡು ಬದಿಯ ಬಂಡೆಗಳಿಗೆ ಅಡ್ಡಲಾಗಿ ಬಿಗಿದ. ನಡುವೆ ಅತ್ತಿಗೆಯ ಬಿಳಿಬಟ್ಟೆ ಕಟ್ಟಿ, ಜಗ್ಗಿ ನೋಡಿದ. ಆಮೇಲೆ ಒಂದು ಕೈಯಲ್ಲಿ ಜಾರುವ ಷರಾಯಿಯನ್ನೂ, ಇನ್ನೊಂದರಲ್ಲಿ ಕುದುರೆಯ ಕೊರಳ ಕೂದಲನ್ನೂ ಹಿಡಿದುಕೊಂಡು ಮನೆಗೆ ನಡೆದ.